ತೊಂಬತ್ತಕ್ಕಿಂತ ಕಡಿಮೆ ಬಂದವರಿಗೆ ಪ್ರವೇಶವಿಲ್ಲ

ನೂರಕ್ಕೆ ತೊಂಬತ್ತು ಮಾರ್ಕ್ಸ್ ತೆಗೆಯದವರನ್ನು ನನ್ನ ಷಡ್ಡಕ ಬಾಯಿಗೆ ಹಾಕಿಕೊಳ್ಳುವವನಲ್ಲ! ಗಾಬರಿಯಾಗಬೇಡಿ, ಹೇಳುತ್ತಿರುವುದು ವೈನಿನ ವಿಷಯ. ಈ ಮಹಾಶಯ ಪಿಯುಸಿಯಲ್ಲಿ ಮೂವತ್ತೈದರ ಗೆರೆಯನ್ನು ಬಾಲ ಸೋಕಿಸಿಕೊಂಡು ದಾಟಿದವನು. ಇದನ್ನು ನಾನು ಊರಿಗೆಲ್ಲ ಹೇಳುತ್ತೇನೆಂದು ಅವನಿಗೆ ಗೊತ್ತು. ಹೇಳದಿದ್ದರೆ ಅವನಿಗೇ ಬೇಜಾರು.

ನಾನು ಧಾರವಾಡದ ಕಡೆಯವನು. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಸಂಶೋಧನೆ ಮಾಡುತ್ತ ಮಾಡುತ್ತ ಮುದುಕನಾದವನು. ನನ್ನಾಕೆಯ ತಂಗಿಯನ್ನು ಕಟ್ಟಿಕೊಂಡ ಇವನು ಮೈಸೂರಿನವನು. ಮನೆ ಹಾರ್ಲೆಮ್ಮಿನಲ್ಲಿ, ಕೆಲಸ ಜೈಡಾಸ್ ಎಂಬ ಆಫೀಸುಗಳ ಬಡಾವಣೆಯ ಗಾಜಿನ ಕಟ್ಟಡವೊಂದರಲ್ಲಿ. ಇವನನ್ನು ಬೇಸ್ತು ಬೀಳಿಸುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಬಳಗದಲ್ಲಿ ಇನ್ನೂ ಹುಟ್ಟಿಲ್ಲ. ಅವನು ಈ ದೇಶಕ್ಕೆ ಬಂದ ಹೊಸತರಲ್ಲಿ, ರಾಣಿಯ ಹಬ್ಬದ ದಿನ ಎಲ್ಲರೂ ಕಿತ್ತಳೆ ಬಣ್ಣದ ಪೇಟ ಸುತ್ತಿಕೊಂಡು ಆಫೀಸಿಗೆ ಹೋಗಬೇಕು ಎಂದು ನಂಬಿಸಿದ್ದೆ. ಸುತ್ತಿಕೊಂಡ, ಹೋದ. ಆಫೀಸಿಗೆ ಅವತ್ತು ರಜೆ!

ಹಾಗೆಂದು ನಮ್ಮಿಬ್ಬರದು ಭಾರಿ ಸ್ನೇಹವೇನಲ್ಲ. ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ನಾವು ಹಿಂದೆ ಕೂತು ಕೆಮ್ಮುತ್ತಿದ್ದೆವು. "ಭಾವ ಅಲ್ಲೇ ಇದ್ದಾರಾ?" "ಇದ್ದಾರೆ, ಕೆಮ್ಮು ಕೇಳಿಸಲಿಲ್ವಾ?" ನಂಟು ಇದ್ದದ್ದು ಇಷ್ಟೇ. ಒಂದು ಚಳಿಗಾಲದಲ್ಲಿ ನನ್ನಾಕೆ ತೀರಿಹೋದಳು. ಅವಳ ಬೆನ್ನಿಗೇ ಕೊರೋನಾ ಬಂದು ಊರಿಗೆ ಊರೇ ಬಾಗಿಲು ಹಾಕಿತು. ಹೆಂಡತಿಯೇ ಇಲ್ಲದ ಮೇಲೆ ಷಡ್ಡಕನೆಂಬುವನು ಎಲ್ಲಿ ಉಳಿದ? ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ನಾನೊಬ್ಬನೇ ಕೂತಿರುತ್ತಿದ್ದೆ. ಕೆಮ್ಮೋಣವೆಂದರೆ ಆಗ ಕೆಮ್ಮುವುದಕ್ಕೂ ಭಯ!

ಅತ್ತ ಹಾರ್ಲೆಮ್ಮಿನಲ್ಲಿ ಇವನಿಗೆ ಜ್ಞಾನೋದಯವಾಗಿತ್ತು. ಜನರೆಲ್ಲ ಅಂಗಡಿಗೆ ನುಗ್ಗಿ ಟಾಯ್ಲೆಟ್ ಪೇಪರು ಹೊರುತ್ತಿದ್ದಾಗ, ನಮ್ಮವನು ಟ್ರಾಲಿ ಹಿಡಿದು ಸುಮ್ಮನೆ ವೈನಿನ ಸಾಲಿನ ಮುಂದೆ ನಿಂತನಂತೆ. ಬಾಟಲಿಯೊಂದರ ಕೊರಳಿಗೆ '೯೨' ಎಂಬ ಚೀಟಿ, ವೈನ್ ಪಂಡಿತರು ರುಚಿ ನೋಡಿ ನೂರಕ್ಕೆ ಕೊಟ್ಟ ಅಂಕ. ಮಾರ್ಕ್ಸ್ ಕಂಡ ಮೇಲೆ ನಮ್ಮ ಕಡೆಯ ಅಪ್ಪಂದಿರು ಬಿಟ್ಟುಬರುತ್ತಾರೆಯೇ? ಮನೆಗೆ ಬಂದವನೇ ನನಗೆ ಫೋನು.

"ಭಾವ, ಸ್ಪೇನಿನ ಹುಡುಗ. ರೇಟು ನೋಡಿದ್ರೆ ಪಾಪ ಅನ್ಸುತ್ತೆ. ಗೌರ್ಮೆಂಟ್ ಸ್ಕೂಲಲ್ಲಿ ಓದಿ ತೊಂಬತ್ತೆರಡು!"

"ಫ್ರಾನ್ಸಿನಾಂವಾ?"

"ಅವನದೂ ತೊಂಬತ್ತೆರಡೇ. ಆದ್ರೆ ಟ್ಯೂಷನ್ ಹಾಕ್ಸಿ ತೆಗ್ಸಿದ್ದು ಭಾವ, ರೇಟಲ್ಲೇ ಗೊತ್ತಾಗುತ್ತೆ."

ಜಗತ್ತಿನ ರ‍್ಯಾಂಕ್ ವಿದ್ಯಾರ್ಥಿಗಳೆಲ್ಲ ಒಬ್ಬೊಬ್ಬರಾಗಿ ಅವನ ಮನೆ ಸೇರತೊಡಗಿದರು. ಮನೆ ಎಂದೆನೆ? ತಪ್ಪು! ನನ್ನ ನಾದಿನಿ ಅಡ್ಡಗಟ್ಟಿದಳು. "ದೇವರ ದೀಪ ಹಚ್ಚೋ ಮನೆ ಇದು. ಅಡುಗೆಮನೆ ಹೊಸ್ತಿಲು ದಾಟಿಸಿದ್ರೆ ನೋಡಿ!" ಅಲ್ಲಿಗೆ ಸೈಕಲ್ ಷೆಡ್ಡೇ ಅವನ ವೈನ್ ನೆಲಮಾಳಿಗೆಯಾಯಿತು. ಹಳೆಯ ಟ್ಯೂಬು, ಪಂಪುಗಳ ನಡುವೆ ಕೂತು, ಲೋಟವನ್ನು ಗಿರಗಿರ ತಿರುಗಿಸಿ, ಮೂಗು ಅದ್ದಿ ಅಧ್ಯಯನ ಶುರುಮಾಡಿದ. ತಿಂಗಳಾದ ಮೇಲೆ ಸಂಶೋಧನೆಯ ಫಲಿತಾಂಶ ಪ್ರಕಟವಾಯಿತು: ಯುರೋಪಿನ ಸಕಲ ಉತ್ತಮ ವೈನುಗಳಲ್ಲೂ ಲಘುವಾಗಿ ರಬ್ಬರಿನ ಪರಿಮಳವಿದೆ!

ಒಮ್ಮೆ ಪೋರ್ಚುಗಲ್ಲಿನ ಒಂದು ವೈನಿಗೆ ಮರುಳಾಗಿ, "ಇದು ರ‍್ಯಾಂಕೇ ಭಾವ, ನೋಡ್ತಿರಿ" ಎಂದು ಪಣ ತೊಟ್ಟ. ಆಮೇಲೆ ಮಾರ್ಕ್ಸ್ ಹುಡುಕಿದರೆ ಎಂಬತ್ನಾಲ್ಕು. ಮನೆಯ ಮಗನೇ ಫೇಲಾದಂತೆ ಕುಸಿದ.

"ಪೇಪರ್ ಸರಿಯಾಗಿ ನೋಡಿಲ್ಲ ಭಾವ. ಮರುಮೌಲ್ಯಮಾಪನಕ್ಕೆ ಹಾಕ್ತೀನಿ."

"ಯಾರಿಗೆ ಹಾಕ್ತಿ?"

"ನಂಗೇ!"

ಮರುಮೌಲ್ಯಮಾಪನ ಮುಗಿಯುವ ಹೊತ್ತಿಗೆ ಬಾಟಲಿಯೂ ಮುಗಿದಿತ್ತು. ವೈನಿಗೆ ತೊಂಬತ್ತೊಂದು ಸಿಕ್ಕಿತು. ಪರೀಕ್ಷಕರು ಸೈಕಲ್ ಪಂಪನ್ನು ತಬ್ಬಿಕೊಂಡು ಮಲಗಿದ್ದರೆಂದು ನಾದಿನಿಯೇ ಹೇಳಿದಳು.

ಒಬ್ಬನೇ ಕುಡಿಯುವುದು ಕುಡುಕರ ಲಕ್ಷಣ ಎಂದು ಅವಳು ಗದರಿದ್ದರಿಂದ, ಮತ್ತೆ ಚಳಿಗಾಲ ಶುರುವಾಗುವ ಹೊತ್ತಿಗೆ ಭಾನುವಾರದ ಸಭೆ ಹುಟ್ಟಿತು. ಹೋಟೆಲುಗಳಿಂದ ತಂದು ಕೂಡಿಟ್ಟಿದ್ದ ಪುಟಾಣಿ ಜ್ಯಾಮ್ ಬಾಟಲಿಗಳಿಗೆ ವೈನು ತುಂಬಿ, ಹಾರ್ಲೆಮ್ಮಿನ ನಾಲ್ಕೈದು ಕನ್ನಡದ ಮನೆಗಳಿಗೆ ಹಂಚಿದ. ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಒಟ್ಟಿಗೆ ಹೀರಿ ಅಭಿಪ್ರಾಯ ಹೇಳುವುದು. ಲೈಡನ್ನಿನಲ್ಲಿದ್ದರೂ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು! ಶನಿವಾರ ಶನಿವಾರ ಹಾರ್ಲೆಮ್ಮಿನಿಂದ ಲೈಡನ್ನಿಗೆ, ಹೂವಿನ ಹೊಲಗಳ ಪಕ್ಕದಲ್ಲಿ, ಎದುರುಗಾಳಿಗೆ ಬಾಗಿ ಸೈಕಲ್ ತುಳಿದು ಬರುತ್ತಿದ್ದ. ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು, ಗಂಟೆ ಬಾರಿಸಿ, ದೂರ ಸರಿದು ನಿಲ್ಲುತ್ತಿದ್ದ. ನಾನು ಬಾಗಿಲು ತೆಗೆಯಬೇಕು, ಎರಡು ಮಾತಾಡಬೇಕು, ಆಮೇಲೇ ಅವನು ಹೊರಡುವುದು.

"ಶೇವ್ ಮಾಡಿಲ್ಲ ಯಾಕೆ ಭಾವ?"

"ಮಾಸ್ಕಿನ್ಯಾಗ ಯಾರು ನೋಡ್ತಾರಲೇ?"

"ನಾನ್ ನೋಡ್ತೀನಲ್ಲ."

ಈಗ ಒಂದು ಗುಟ್ಟು. ನಾನು ಹುಟ್ಟಾ ಕುಡಿಯದವನು! ಆದರೆ ಹಾಸ್ಟೆಲಿನಲ್ಲಿ ಪೀಪಾಯಿಗಟ್ಟಲೆ ಕುಡಿದ ಕಥೆಗಳನ್ನು ಇವನ ಮುಂದೆ ಎಷ್ಟು ಬಿಟ್ಟಿದ್ದೇನೆಂದರೆ, ಹಿಂದೆಗೆಯಲು ದಾರಿಯೇ ಇರಲಿಲ್ಲ. ಇನ್ನೂ ಒಂದು ಮಾತಿದೆ. ವಾರದಲ್ಲಿ ನನ್ನ ಮನೆಯ ಗಂಟೆ ಬಾರಿಸುವ ಮನುಷ್ಯ ಅವನೊಬ್ಬನೇ. ಕುಡಿಯುವುದಿಲ್ಲ ಎಂದುಬಿಟ್ಟರೆ ಬರುವ ಶನಿವಾರ ಅವನಿಗೇನು ನೆಪ? ಅದಕ್ಕೇ ಬಾಟಲಿಯನ್ನು ತಗೊಂಡು, ಮೂಗು ಮುಚ್ಚಿಕೊಂಡು, ಕಿಟಕಿಯ ಜಿರೇನಿಯಂ ಕುಂಡಕ್ಕೆ ಸುರಿಯುತ್ತಿದ್ದೆ. ಭಾನುವಾರ ಕೆಂಪು ವೈನಿದ್ದರೆ ನನ್ನ ಲೋಟದಲ್ಲಿ ಬೀಟ್‌ರೂಟ್ ಬೇಯಿಸಿದ ನೀರು. ಬಿಳಿಯದಾದರೆ ಮಜ್ಜಿಗೆಯ ತಿಳಿ. ಆ ತಿಳಿಯ ಬಣ್ಣ ನೋಡಿ ಬಿಳಿ ವೈನಿಗೆ ಹೆಸರಾದ ಜರ್ಮನಿಯವರೂ ಮೋಸಹೋಗಬೇಕು!

ಇನ್ನು ನನ್ನ ವರ್ಣನೆಯೋ! ಬೀಟ್‌ರೂಟ್ ನೀರನ್ನು ನಾಲಿಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ, "ಭಾಳ ದಿನ ಮುಚ್ಚಿದ್ದ ಲೈಬ್ರರಿ ಬಾಗಲಾ ತಗದಂಗ ಅದ" ಎನ್ನುತ್ತಿದ್ದೆ. ಪರದೆಯ ಮೇಲೆ ಚಪ್ಪಾಳೆ! ನೆದರ್ಲೆಂಡ್ಸ್ ಕನ್ನಡಿಗರಲ್ಲೇ ಶ್ರೇಷ್ಠ ನಾಲಿಗೆ ನನ್ನದೆಂದು ಷಡ್ಡಕ ಘೋಷಿಸಿದ. ಸಭೆ ಮುಗಿದು ಪರದೆ ಕಪ್ಪಾದ ಮೇಲೆ ಆ ಶ್ರೇಷ್ಠ ನಾಲಿಗೆಗೆ ಮುಂದಿನ ಶನಿವಾರದವರೆಗೂ ಕೆಲಸವಿರುತ್ತಿರಲಿಲ್ಲ.

ಹೀಗೆ ಆಕೆಯಿಲ್ಲದ ಎರಡನೆಯ ಚಳಿಗಾಲ ಕಳೆಯಿತು. ಬಿಸಿಲು ಬಿದ್ದ ಕೂಡಲೇ ಜಿರೇನಿಯಂ ಕುಂಡಕ್ಕೆ ಇರುವೆ ಮುತ್ತಿದವು. ವೈನಿಗೆ ಇರುವೆಯೇ? ಸಂಶೋಧಕನಲ್ಲವೇ ನಾನು, ಅನುಮಾನ ಬಂತು. ಆ ವಾರದ ಬಾಟಲಿಯನ್ನು ಸುರಿಯುವ ಮೊದಲು ಬೆರಳು ಅದ್ದಿ ನೆಕ್ಕಿದೆ. ದ್ರಾಕ್ಷಿ ರಸ! ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುತ್ತಾರಲ್ಲ, ಅದೇ!

ಮುಂದಿನ ಶನಿವಾರ ತುಂತುರು ಮಳೆ. ಅವನು ಬಾಟಲಿ ಇಟ್ಟು ಹಿಂದೆ ಸರಿದ. "ಇವತ್ತು ಇಟಲಿ ಭಾವ, ತೊಂಬತ್ನಾಲ್ಕು!"

"ನಮ್ಮನಿ ಇರವಿ ನೂರಕ್ಕ ನೂರು ಕೊಟ್ಟಾವ. ಏನಲೇ ಇದು, ದ್ರಾಕ್ಷಿ ರಸ?"

ಕಳ್ಳ ಸಿಕ್ಕಿಬಿದ್ದನೆಂದು ನಾನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ. ಅವನು ಮಾಸ್ಕಿನೊಳಗೇ ನಕ್ಕ.

"ಮತ್ತೆ? ತೊಂಬತ್ನಾಲ್ಕು ಮಾರ್ಕ್ಸಿಂದನ್ನ ನಿಮ್ ಗಿಡಕ್ಕೆ ಕುಡ್ಸೋಕೆ ನಂಗೇನ್ ತಲೆ ಕೆಟ್ಟಿದ್ಯಾ?"

"ಗಿಡಕ್ಕ ಹಾಕ್ತೀನಿ ಅಂತ ನಿನಗ ಹೆಂಗ ಗೊತ್ತು?"

"ಮೊದಲ್ನೇ ವಾರವೇ ಕಿಟಕೀಲಿ ಕಾಣ್ತು. ನೀವು ಕುಡಿಯಲ್ಲ ಅನ್ನೋದಂತೂ ನನ್ ಮದುವೇಲೇ ಅಕ್ಕ ಹೇಳಿದ್ರು. 'ಅವರದು ಬರೀ ಬುರುಡೆ, ಆದ್ರೂ ನಂಬಿದ ಹಾಗೆ ಮಾಡಿ, ಖುಷಿಪಡ್ತಾರೆ' ಅಂತ."

ಸೊಂಟದ ಮೇಲಿದ್ದ ಕೈಗಳನ್ನು ಇಳಿಸಿದೆ. ಹಾಗಾದರೆ ಇಷ್ಟು ವರ್ಷ ಬೇಸ್ತು ಬಿದ್ದವರು ಯಾರು?

"ಮತ್ತ ಐತವಾರ ನಾ ಹೇಳಿದ್ದೆಲ್ಲಾ..."

"ಅಯ್ಯೋ, ಅದಕ್ಕೇ ಕಾಯ್ತಿದ್ವಿ ಭಾವ. ನೀವು ಶುರು ಮಾಡಿದ ತಕ್ಷಣ ಮ್ಯೂಟ್ ಮಾಡ್ಕೊಂಡು ನಾನು, ಇವಳು ಇಬ್ರೂ ಬಿದ್ದೂ ಬಿದ್ದೂ ನಗೋದು. ಅಕ್ಕ ಹೋದ್ಮೇಲೆ ಅವಳು ನಗೋದು ವಾರಕ್ಕೆ ಅದೊಂದು ಗಂಟೆನೇ."

ಮಳೆ ಸ್ವಲ್ಪ ಜೋರಾಯಿತು. ಅವನ ಕನ್ನಡಕದ ಮೇಲೆ ಹನಿಗಳು.

"ಸುಮ್ಮನ ಬರಬಹುದಿತ್ತಲ್ಲೋ. ಇಷ್ಟೆಲ್ಲಾ ನಾಟಕ ಯಾಕ?"

"ಸುಮ್ನೆ ಬಂದಿದ್ದೆ ಭಾವ, ಹೋದ್ ವರ್ಷ ಮಾರ್ಚಲ್ಲಿ, ಎರಡು ಸಲ. ನೀವು ಕಿಟಕಿ ಪರದೆ ಎಳ್ಕೊಂಡು ಕೂತಿದ್ರಿ. ಈ ದೇಶದಲ್ಲಿ ಪರದೆ ಯಾರು ಎಳ್ಕೋತಾರೆ ಹೇಳಿ? ಒಳಗೆ ಲೈಟ್ ಇತ್ತು. ಗಂಟೆ ಬಾರಿಸ್ದೆ. ತೆಗೀಲಿಲ್ಲ."

ಆ ಗಂಟೆ ನನಗೆ ಕೇಳಿಸಿತ್ತು.

"ಒಳಗ ಬಾ," ಎಂದೆ.

"ರೂಲ್ಸು ಭಾವ..."

"ಮನಿಗೆ ಒಬ್ರು ಬರಬಹುದು ಅಂದಾರ. ನನಗ ಮತ್ಯಾರದಾರ? ಬಾ."

ಅಡುಗೆಮನೆಯಲ್ಲಿ ಎರಡು ಸ್ಟೀಲ್ ಲೋಟ ಇಟ್ಟು ಆ ದ್ರಾಕ್ಷಿ ರಸವನ್ನೇ ಹಂಚಿದೆ. ಅವನು ಅಭ್ಯಾಸಬಲದಿಂದ ಲೋಟ ತಿರುಗಿಸಿ ಮೂಗು ಇಳಿಬಿಟ್ಟ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಏನ್ ವಾಸನಿ ಬರ್ತದಪಾ?" ಎಂದೆ.

"ಗೊತ್ತಾಗ್ತಿಲ್ಲ ಭಾವ. ಮೂಗು ಕಟ್ಟಿದೆ."

ಕೊರೋನಾ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನನ್ನದೂ ಕಟ್ಟಿತ್ತು.