ಅತ್ತೆಯ ನೆನಪಿನ ಪರೀಕ್ಷೆ

ನನ್ನ ಸೋದರತ್ತೆಗೆ ಇರುವುದು ಒಂದೇ ಕಾಯಿಲೆ: ಏನನ್ನೂ ಮರೆಯದಿರುವುದು! ಬೋರಗಾಂವದ ಯಾವುದೋ ಮದುವೆಯಲ್ಲಿ ತನ್ನ ಹೋಳಿಗೆಗೆ ತುಪ್ಪ ಬಡಿಸದೆ ಮುಂದೆ ಹೋದವಳು ಯಾರು, ಅವಳ ಸೀರೆಯಂಚು ಯಾವ ಬಣ್ಣದ್ದು ಎಂದು ಈಗಲೂ ಹೇಳಬಲ್ಲಳು. ಪಾಪ, ಆ ಪುಣ್ಯಾತ್ಗಿತ್ತಿ ತೀರಿಕೊಂಡು ಎಷ್ಟೋ ಕಾಲವಾಯಿತು. ಅತ್ತೆಯ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ!

ಇಂಥವಳು ಒಂದು ದಿನ ಕಡಲೆಹಿಟ್ಟಿನ ಝುಣಕಕ್ಕೆ ಎರಡು ಸಲ ಉಪ್ಪು ಹಾಕಿಬಿಟ್ಟಳು. ಸತ್ತಿ ಊರಿನ ಅವರ ಮನೆಯಲ್ಲಿ ಗದ್ದಲವೋ ಗದ್ದಲ. ಯಾಕೆಂದರೆ ಮಾವನಿಗೆ ಮೊದಲೇ ಮರೆವಿನ ಕಾಯಿಲೆ. ಮಕ್ಕಳು ‘ಅಪ್ಪಾ’ ಎಂದರೂ ನಾವು ‘ಮಾವಾ’ ಎಂದರೂ ತಲೆಯೆತ್ತರು. ಅವರಿಗೆ ಹೊತ್ತುಹೊತ್ತಿಗೆ ಗುಳಿಗೆ ಕೊಡುವವಳು ಅತ್ತೆ. ಆಕೆಯೂ ಮರೆತರೆ?

“ಅವ್ವಾ, ಚಿಕ್ಕೋಡಿಗೆ ಹೋಗಿ ನಿನ್ನ ನೆನಪಿನ ಪರೀಕ್ಷಾ ಮಾಡಿಸ್ಕೊಂಡ ಬರೂಣು. ಡಾಕ್ಟರ್ ಹೂಂ ಅಂದ್ರ ಗುಳಿಗಿ ನಿನ್ನ ಕೈಯಾಗ. ಇಲ್ಲಂದ್ರ ನರ್ಸ್‌ಬಾಯಿನ್ನ ಇಡ್ತೀನಿ,” ಎಂದ ಮಗ, ಗುಳಿಗೆಯ ಡಬ್ಬಿಯನ್ನು ಜೇಬಿಗೆ ಹಾಕಿಕೊಳ್ಳುತ್ತ.

“ಇಡಪಾ. ಝುಣಕಾನೂ ಆಕೀನ ಮಾಡ್ಲಿ!” ಎಂದಳು ಅತ್ತೆ. ಆದರೆ ನಾವು ನಾಲ್ವರೂ ಹೊರಟ ಕಾರಿನಲ್ಲಿ ದಾರಿಯುದ್ದಕ್ಕೂ ಮಾವನ ಕೈ ಬಿಡಲಿಲ್ಲ.

ಡಾಕ್ಟರು ಮೈಸೂರು ಕಡೆಯ ಹುಡುಗ.

“ಅಜ್ಜಿ, ಇವತ್ತು ತಾರೀಖು ಎಷ್ಟು?”

“ಸಂಕಷ್ಟಿರಿ.”

“ತಾರೀಖು ಹೇಳಿ.”

“ತಾರೀಖ ನಿಮ್ಮ ಗ್ವಾಡಿ ಮ್ಯಾಲ ಐತಲ್ರಿ! ನಂದು ಉಪಾಸ. ಚಂದ್ರ ಯಾವಾಗ ಮೂಡ್ತಾನ ಅಂತ ಕೇಳ್ರಿ, ಹೇಳ್ತೀನಿ.”

ಒಂದು ಅಂಕ ಹೋಯಿತು!

“ನೂರರಿಂದ ಏಳೇಳು ಕಳೀತಾ ಬನ್ನಿ.”

“ಇದ್ದದ್ದನ್ನ ಯಾಕ ಕಳೀಬೇಕ್ರಿ?” ಎಂದು ಗೊಣಗಿದವಳೇ, “ತ್ರ್ಯಾಣ್ಣವ, ಶಹಾಐಂಶಿ, ಏಕೋಣಐಂಶಿ” ಎಂದು ಓಡತೊಡಗಿದಳು. ತವರೂರಿನಲ್ಲಿ ಕಲಿತದ್ದು ಮರಾಠಿ ಶಾಲೆಯಲ್ಲಿ. ಲೆಕ್ಕ ಆಕೆಯ ತಲೆಯಲ್ಲಿ ಇಂದಿಗೂ ಮರಾಠಿಯಲ್ಲೇ ನಡೆಯುತ್ತದೆ. ಡಾಕ್ಟರು ಪಿಳಿಪಿಳಿ ಕಣ್ಣು ಬಿಟ್ಟರು. ಎಲ್ಲವೂ ಸರಿಯೆಂದು ಮರಾಠಿ ಬಲ್ಲ ನಾನು ಸಾಕ್ಷಿ ಹೇಳಬೇಕಾಯಿತು. ಗಡಿಯಾರದ ಚಿತ್ರ ಬರೆಯಿರಿ ಎಂದರೆ ಚುಕ್ಕಿಯಿಟ್ಟು ಎಳೆ ಸುತ್ತಿದಳು. ಅದರಲ್ಲಿ ಹೊತ್ತು ತಿಳಿಯುವಂತಿರಲಿಲ್ಲ ನಿಜ. ಬಾಗಿಲ ಮುಂದೆ ಹಾಕಿದ್ದರೆ ಲಕ್ಷ್ಮಿಯಂತೂ ಖಂಡಿತ ಒಳಗೆ ಬರುತ್ತಿದ್ದಳು!

ಕೊನೆಗೆ ಡಾಕ್ಟರು, “ಮೊದಲು ಒಂದು ವಿಳಾಸ ಹೇಳಿದ್ದೆ: ಬಾಳಪ್ಪ, ಸಂತೆಪೇಟೆ, ಧಾರವಾಡ. ಈಗ ನೀವು ಹೇಳಿ,” ಎಂದರು.

“ಸಂತಿಪ್ಯಾಟಿ, ಧಾರವಾಡ.”

“ಯಾರು?”

ಅತ್ತೆ ನೆಲ ನೋಡಿದಳು.

“ಹೆಸರು ಮರೆತುಹೋಯಿತಾ?”

ಮರೆಯುವುದೆ! ಅದು ಮಾವನ ಹೆಸರು! ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಬಾಳೆಹಣ್ಣಿಗೂ ‘ಹಳದಿ ಹಣ್ಣು’ ಅನ್ನುವವಳು ಆಕೆ. ನಾನು ಡಾಕ್ಟರಿಗೆ ಇದನ್ನೆಲ್ಲ ವಿವರಿಸಿದೆ. ಅವರು ನಕ್ಕರು. “ಆದರೂ ಅವರ ಬಾಯಿಂದಲೇ ಬರಬೇಕಲ್ಲ,” ಎಂದರು.

“ಹೇಳವ್ವಾ, ಒಂದ ಸಲ,” ಎಂದು ಮಗ ಬೇಡಿಕೊಂಡ.

ಅತ್ತೆ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಮಾವನನ್ನು ನೋಡಿದಳು. ಮಗನ ಜೇಬನ್ನು ನೋಡಿದಳು. ಸೆರಗು ಹೊದ್ದು ನೆಟ್ಟಗೆ ಕುಳಿತಳು. ಮದುವೆಮನೆಯಲ್ಲಿ ಗಂಡನ ಹೆಸರು ಹೇಳಲು ಹೆಂಗಸರಿಗೆ ಒಂದೇ ದಾರಿ ಇರುತ್ತದಲ್ಲ, ಒಡಪು, ಅದನ್ನು ಅಲ್ಲೇ ಕಟ್ಟಿದಳು:

“ಹೊಳಿ ದಂಡ್ಯಾಗ ತೂಗ್ಯಾವ ಹಸರ ಕಬ್ಬಿನ ಗರಿ,
ಬಾಳಪ್ಪನವರ ಗುಳಿಗಿ ನನ್ನ ಕೈಯಾಗ ಇರ್ಲಿರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಮಗ ಜೇಬಿನಿಂದ ಡಬ್ಬಿ ತೆಗೆದು ಅವ್ವನ ಮಡಿಲಿಗೆ ಹಾಕಿದ. ಭಲೇ ಅನ್ನಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕುರ್ಚಿ ಕಿರ್ರೆಂದಿತು. ಯಾರು ಕರೆದರೂ ಓಗೊಡದ ಮಾವ ತಲೆಯೆತ್ತಿದ್ದರು.

“ಆಂ? ಬಂದ್ನಿ, ಬಂದ್ನಿ,” ಎನ್ನುತ್ತ ಕೈಯೂರಿ ಏಳತೊಡಗಿದರು.

ಅತ್ತೆಯ ಮುಖ ಕೆಂಪಗಾಯಿತು. ಚಟ್ಟನೆ ಎದ್ದು ಅವರ ತೋಳು ಹಿಡಿದಳು.

“ಎಲ್ಲಿಗಿ ಬರ್ತೀರಿ? ಇಲ್ಲೇ ಅದೀನಲ್ರಿ.”