‘ಸೂಕ್ತವಾದ ಹಗ್ಗ’ದ ಕುರಿತು ಉದ್ಯಾನದ ಮೇಲ್ವಿಚಾರಕರಿಗೆ

ಉದ್ಯಾನದ ಮಾನ್ಯ ಮೇಲ್ವಿಚಾರಕರ ಸನ್ನಿಧಾನಕ್ಕೆ,

ಮಾನ್ಯರೇ, ತಾವೂ ತಮ್ಮ ಸೀಟಿಯೂ, ತಾವು ದಿನಕ್ಕೆರಡು ಸಲ ಒರೆಸಿ ಹೊಳೆಯಿಸುವ ಗೇಟಿನ ಬೋರ್ಡೂ ಕ್ಷೇಮವೆಂದು ನಂಬಿ, ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಈ ದೂರನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ.

ಆ ಬೋರ್ಡಿನಲ್ಲಿ ‘ನಾಯಿಗಳನ್ನು ಸೂಕ್ತವಾದ ಹಗ್ಗ ಹಾಕಿಯೇ ಕರೆತರತಕ್ಕದ್ದು’ ಎಂದು ಬರೆಸಿದ್ದೀರಿ. ಅಕ್ಷರಗಳು ದುಂಡಾಗಿವೆ, ಬಣ್ಣ ಗಾಢವಾಗಿದೆ. ಆದರೆ ಸೂಕ್ತ ಎಂದರೆ ಯಾವುದು ಎಂಬುದನ್ನು ಮಾತ್ರ ತಾವು ಗುಟ್ಟಾಗಿಟ್ಟಿದ್ದೀರಿ.

ನಾನು ಪರದೆ ಅಂಗಡಿಯಲ್ಲಿ ಹೊಲಿಗೆಯವಳು. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ನನ್ನ ಅಪ್ಪ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾದರೂ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲೊಲ್ಲರು. “ದಿನಾ ನಡೀದಿದ್ರೆ ಈ ಕಾಲು ಹೀಗೇ ಉಳಿಯುತ್ತೆ” ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ನನ್ನ ಮಾತು ಕೇಳದವರು ಮೂಕಪ್ರಾಣಿಯ ಮಾತಾದರೂ ಕೇಳಿಯಾರೆಂದು ನಾನೊಂದು ನಾಯಿಯನ್ನು ತಂದೆ. ಮೊದಲ ದಿನವೇ ಅದು ಅಪ್ಪನನ್ನು ಬೀದಿಯ ತಿರುವಿನವರೆಗೆ ಎಳೆದುಕೊಂಡು ಹೋಯಿತು. ಅಪ್ಪ ಅದಕ್ಕೆ ಜಗ್ಗು ಎಂದು ಹೆಸರಿಟ್ಟರು. ಹೆಸರಿಗೆ ತಕ್ಕಂತೆ ನಡೆದುಕೊಳ್ಳುವ ಜೀವ ನಮ್ಮ ಮನೆಯಲ್ಲಿ ಅದೊಂದೇ.

ತಮ್ಮ ಬೋರ್ಡಿಗೆ ತಲೆಬಾಗಿ, ಅಂಗಡಿಯವರು ಬಾಯ್ತುಂಬ ಹೊಗಳಿದ, ಎಳೆದರೆ ಸುರುಳಿ ಬಿಚ್ಚಿಕೊಂಡು ಹದಿನಾರು ಅಡಿಯವರೆಗೆ ಓಡುವ, ಗುಂಡಿ ಒತ್ತಿದರೆ ನಿಂತುಬಿಡುವ ಹಗ್ಗವನ್ನು ಕೊಂಡೆ. ಆ ಬೆಳಿಗ್ಗೆ ತಾವು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದಿರಿ. ಅಳಿಲೊಂದು ಬೆಂಚನ್ನು ಸುತ್ತಿತು, ಅಳಿಲಿನ ಹಿಂದೆ ಜಗ್ಗು ಮೂರು ಸಲ ಸುತ್ತಿದ. ನಾನು ಗಾಬರಿಯಲ್ಲಿ ಗುಂಡಿ ಒತ್ತಿದ್ದರಿಂದ ಹಗ್ಗ ಅಲ್ಲೇ ಬಿಗಿದುಕೊಂಡಿತು. ಬೆಂಚಿಗೆ ಹೊಲಿದು ಹಾಕಿದಂತಿದ್ದ ಆ ಸ್ಥಿತಿಯಲ್ಲೂ ಕಾಫಿಯ ಒಂದು ಹನಿಯನ್ನೂ ಚೆಲ್ಲದೆ, “ಇದು ಸೂಕ್ತ ಅಲ್ಲಮ್ಮ” ಎಂದಷ್ಟೇ ನುಡಿದ ತಮ್ಮ ಘನತೆಯನ್ನು ನಾನು ನೆಂಟರಿಷ್ಟರಿಗೆಲ್ಲ ಫೋನು ಮಾಡಿ ವರ್ಣಿಸಿದ್ದೇನೆ.

ಆಮೇಲೆ ಕಬ್ಬಿಣದ ಸರಪಳಿ ತಂದೆ. ಅದರ ಝಣಝಣ ಸದ್ದಿಗೆ ಹೆದರಿ ಜಗ್ಗು ಇನ್ನಷ್ಟು ಓಡಿದ, ಓಡಿದಷ್ಟೂ ಸದ್ದು ಹೆಚ್ಚಾಯಿತು. ತಾವು ತಲೆಯಾಡಿಸಿದಿರಿ. ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿಯಾದರೆ ಕೈ ಎರಡೂ ಖಾಲಿ ಇರುತ್ತವೆ ಎಂದರು ಅಂಗಡಿಯವರು. ಅದೇನೋ ನಿಜವೇ, ಆ ಖಾಲಿ ಕೈಗಳನ್ನು ಮೇಲೆತ್ತಿಕೊಂಡೇ ನಾನು ತಮ್ಮ ಹೂವಿನ ಪಾತಿಯ ಉದ್ದಗಲ ಅಳೆದೆ. ಮತ್ತೆ ತಾವು ತಲೆಯಾಡಿಸಿದಿರಿ. ಹಲ್ಲು ಕಚ್ಚಿಕೊಂಡು, ಪರದೆ ಕಟ್ಟುವ ದಪ್ಪ ನೂಲಿನ ಪಟ್ಟಿಯನ್ನು ಎರಡು ಮಡಿಕೆ ಮಾಡಿ, ತುದಿಗೆ ಕೈಹಿಡಿಯ ಕುಣಿಕೆ ಬಿಟ್ಟು, ಆರಡಿ ಉದ್ದದ್ದೊಂದನ್ನು ನಾನೇ ಹೊಲಿದೆ.

ಅದನ್ನು ಅಪ್ಪನ ಕೈಗೆ ಕೊಟ್ಟು ಕರೆತಂದ ದಿನವೇ ಜಗ್ಗು ಎಳೆದ ರಭಸಕ್ಕೆ ಅವರು ಬಿದ್ದರು. ತಮ್ಮ ಗೇಟಿನ ಎದುರಿಗೇ, ಮುರಿದಿದ್ದ ಕಾಲಿನ ಮಂಡಿ ಊರಿಕೊಂಡು. ಇಷ್ಟಾದ ಮೇಲೆ ಅವರು ಮತ್ತೆ ಕುರ್ಚಿ ಬಿಟ್ಟು ಏಳುವುದಿಲ್ಲ, ಜಗ್ಗುವನ್ನು ವಾಪಸು ಕಳಿಸಿಬಿಡಬೇಕು ಎಂದು ಅಲ್ಲಿ ನಿಂತೇ ತೀರ್ಮಾನಿಸಿಬಿಟ್ಟೆ. ತಾವು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿಬಂದಿರಿ. ಅಪ್ಪನನ್ನು ಎಬ್ಬಿಸಿ ಕೂರಿಸಿ, ಕಾಲು ಮಡಿಸಿ ಚಾಚಿಸಿ ನೋಡಿದಿರಿ. ಆಮೇಲೆ ನನ್ನ ಹೊಲಿಗೆಯ ಪಟ್ಟಿಯನ್ನು ಬೆರಳಿಂದ ಬೆರಳಿಗೆ ಎಳೆದು ಪರೀಕ್ಷಿಸಿದಿರಿ.

“ಪಟ್ಟಿ ಸರಿಯಾಗೇ ಇದೆಯಮ್ಮ. ಇವನು ಎಳೆದ ಕಡೆಗೆಲ್ಲ ನೀವು ಹೋಗ್ತೀರಿ, ಅದಕ್ಕೇ ಎಳೀತಾನೆ. ಬಿಗಿಯಾದ್ರೆ ನಿಂತುಬಿಡಿ. ಸಡಿಲ ಆದ್ರೆ ಮಾತ್ರ ಹೊರಡಿ. ನಡುವೆ ಹಗ್ಗ ಜೋಲಿ ಥರ ತೂಗ್ತಾ ಇರ್ಬೇಕು.”

ಮಂಡಿ ತಿಕ್ಕಿಕೊಳ್ಳುತ್ತಿದ್ದ ಅಪ್ಪ ತಲೆ ಎತ್ತಿದರು. “ಅಂದ್ರೆ ಹೋಲ್ಡಾನ್, ಆಮೇಲೆ ರೈಟ್ ರೈಟ್. ಅಷ್ಟೇ ತಾನೆ? ಇದನ್ನ ಮೊದಲೇ ಹೇಳೋದಲ್ವೇನ್ರೀ!”

ಎದ್ದು ನಿಂತು ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಜಗ್ಗು ಎಳೆದ, “ಹೋಲ್ಡಾನ್!” ಎಂದು ಅಪ್ಪ ಕಂಬದಂತೆ ನಿಂತರು. ಜಗ್ಗು ತಿರುಗಿ ನೋಡಿದ, ಒಂದು ಹೆಜ್ಜೆ ಹಿಂದೆ ಬಂದ, ಪಟ್ಟಿ ಸಡಿಲವಾಯಿತು, “ರೈಟ್!” ಗೇಟಿನಿಂದ ಕಾರಂಜಿಯವರೆಗಿನ ನೂರು ಹೆಜ್ಜೆಗೆ ಅರ್ಧ ಗಂಟೆ ಹಿಡಿಯಿತು. ನಾನು ಮುಖ ತಿರುಗಿಸಿಕೊಂಡು ತಮ್ಮ ಬೋರ್ಡನ್ನೇ ಓದುತ್ತ ನಿಂತಿದ್ದೆ. ಅಕ್ಷರಗಳು ಮಂಜಾಗಿ ಕಾಣುತ್ತಿದ್ದವು, ಬಣ್ಣದ ದೋಷವಿರಬೇಕು.

ಇನ್ನು ನನ್ನ ನಿಜವಾದ ದೂರು. ಅಪ್ಪ ಈಗ ಬೆಳಗಾಗುತ್ತಿದ್ದಂತೆ ಹೊರಟರೆ ಹತ್ತು ಗಂಟೆಯವರೆಗೆ ಮನೆಯ ಕಡೆ ಸುಳಿಯುವುದಿಲ್ಲ. ತಾವಿಬ್ಬರೂ ಸೇರಿ ಕಾರಂಜಿಯ ಬಳಿ ನಾಯಿ ಸಾಕಿದವರಿಗೆಲ್ಲ ಪಾಠ ಹೇಳುತ್ತಿದ್ದೀರೆಂದೂ, ಅಪ್ಪ ಹೋಲ್ಡಾನ್ ಎಂದರೆ ನಾಯಿಗಳ ಜೊತೆ ಓಡುವ ಹುಡುಗಿಯರೂ ನಿಂತುಬಿಡುತ್ತಾರೆಂದೂ ಕೇಳಿದ್ದೇನೆ. ಅವರನ್ನು ಆ ಕುರ್ಚಿಯಿಂದ ಎಬ್ಬಿಸಲು ನಾನು ಪಟ್ಟ ಪಾಡು ತಮಗೆ ತಿಳಿಯದು. ಈಗ ಭಾನುವಾರವೂ ಆ ಖಾಲಿ ಕುರ್ಚಿಯ ಎದುರು ಒಬ್ಬಳೇ ಕಾಫಿ ಕುಡಿಯುವ ಪಾಡು ಬಂದಿದೆ. ಆದ್ದರಿಂದ ತಾವು ದಯಮಾಡಿ ಇಷ್ಟು ಒಳ್ಳೆಯ ಮೇಷ್ಟರಾಗುವುದನ್ನು ಕೂಡಲೇ ನಿಲ್ಲಿಸಬೇಕು. ಅದಾಗದಿದ್ದರೆ, ಭಾನುವಾರಗಳಂದು ಸೂರ್ಯ ಎಂಟು ಗಂಟೆಯ ನಂತರವೇ ಹುಟ್ಟುವಂತೆ ಸಂಬಂಧಪಟ್ಟ ಇಲಾಖೆಗೆ ಬರೆದು ವ್ಯವಸ್ಥೆ ಮಾಡಿಸಬೇಕು. ಅದೂ ಆಗದಿದ್ದರೆ, ಬರುವ ಭಾನುವಾರ ತಿಂಡಿಗೆ ತಾವೇ ಅಪ್ಪನನ್ನೂ ಜಗ್ಗುವನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದುಬಿಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪರದೆ ಹೊಲಿಯುವವಳು

ಮರೆತ ಮಾತು: ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. “ಎಲ್ಲಾ ಸರಿ, ಆದ್ರೆ ಹಿಂದಿನ ಗೇಟಿನ ಬೀಗ ತುಕ್ಕು ಹಿಡಿದು ವರ್ಷ ಆಯ್ತು, ಅದನ್ನ ಯಾಕೆ ಬರೀಲಿಲ್ಲ?” ಎಂದು ಗದರಿದರು. ನಾಳೆ ಬೆಳಿಗ್ಗೆ ಖುದ್ದಾಗಿ ತಮಗೆ ಹೇಳಲಿದ್ದಾರೆ. ಅವರಿಗೆ ನನ್ನಷ್ಟು ಸೌಜನ್ಯವಿಲ್ಲ. ರಜೆ ಹಾಕುವ ಯೋಚನೆಯಿದ್ದರೆ ತಾವು ಇವತ್ತೇ ಅರ್ಜಿ ಕೊಡುವುದು ಒಳ್ಳೆಯದು.