ಹಲ್ಲು ಬಿಟ್ಟು ಅಕ್ಷರ ಹಿಡಿದ ನಾದಿನಿ

ನನ್ನ ನಾದಿನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದಕ್ಕೂ ಸ್ವಲ್ಪ ಶಕ್ತಿ ಬೇಕು. ಅದು ನನ್ನಲ್ಲಿ ಉಳಿದಿಲ್ಲ! ಕಾಪುವಿನ ಹೈಸ್ಕೂಲಿನಲ್ಲಿ ಇಡೀ ದಿನ ಕನ್ನಡ ಪಾಠ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ಅಂಬಲಪಾಡಿಗೆ ಬಂದು, ಇನ್ನೂ ಚಪ್ಪಲಿ ಕಳಚಿರುವುದಿಲ್ಲ, "ಅತ್ತಿಗೆ, ಈ ಎರಡು ಕಪ್ಪುಗಳಲ್ಲಿ ಯಾವುದು ಹೆಚ್ಚು ಕಪ್ಪು?" ಎಂಬ ಪ್ರಶ್ನೆ ಎದುರಾದರೆ ನೀವಾದರೂ ಎಂತ ಹೇಳುತ್ತೀರಿ?

ಇವಳು ಹಲ್ಲಿನ ಡಾಕ್ಟರು. ಸುಳ್ಳಲ್ಲ! ಕಾರ್ಕಳದ ಒಂದು ಕ್ಲಿನಿಕ್ಕಿನಲ್ಲಿ ಕೆಲವು ವರ್ಷ ಊರವರ ಹಲ್ಲು ಕಿತ್ತವಳು, ತುಂಬಿಸಿದವಳು. ಒಂದು ಭಾನುವಾರ ಮೀನು ಸಾರಿನ ಊಟದ ನಡುವೆ, "ಕ್ಲಿನಿಕ್ ಬಿಟ್ಟೆ. ಮಣಿಪಾಲದಲ್ಲಿ ಗ್ರಾಫಿಕ್ ಡಿಸೈನ್ ಎಂ.ಎ.ಗೆ ಸೇರ್ತೇನೆ" ಎಂದಳು. ಅತ್ತೆಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಅದರಲ್ಲಿ ಎಂತ ಕಲಿಸ್ತಾರೆ?"

"ಅಕ್ಷರ, ಬಣ್ಣ, ಚಿತ್ರ ಎಲ್ಲ ಹೇಗೆ ಜೋಡಿಸುವುದು ಅಂತ, ಅಮ್ಮ."

"ಅದನ್ನು ಫ್ಲೆಕ್ಸ್ ಅಂಗಡಿಯವ ಯಾವ ಡಿಗ್ರಿಯೂ ಇಲ್ಲದೆ ಮಾಡ್ತಾನಲ್ಲ!"

"ಅದಕ್ಕೇ ಅವನ ಫ್ಲೆಕ್ಸ್ ಹಾಗುಂಟು."

ಆಮೇಲೆ ಅತ್ತೆ ಅಕ್ಕಪಕ್ಕದವರಿಗೆ "ಮಗಳು ಮಣಿಪಾಲದಲ್ಲಿ ಮುಂದೆ ಓದ್ತಾಳೆ" ಎಂದಷ್ಟೇ ಹೇಳಿದರು. ಕೇಳಿದವರು ಹಲ್ಲಿನಲ್ಲೇ ಮುಂದೆ ಎಂದುಕೊಂಡರು. ಅತ್ತೆ ತಿದ್ದಲು ಹೋಗಲಿಲ್ಲ. ನನ್ನ ಗಂಡ ಮಸ್ಕತ್ತಿನಿಂದ ಫೋನಿನಲ್ಲಿ, "ಅವಳಿಗೆ ಖುಷಿ ಅಲ್ವಾ, ಓದಲಿ" ಎಂದು ಉದಾರವಾಗಿ ಒಪ್ಪಿಗೆ ಕೊಟ್ಟರು. ಅಲ್ಲಿ ಕುಳಿತವರಿಗೆ ಒಪ್ಪಿಗೆ ಕೊಡಲು ಕಷ್ಟವೇನು? ಮನೆಯಲ್ಲಿ ಇರಬೇಕಾದವಳು ನಾನು!

ಮೊದಲ ಪಾಠವೇ ಒಂದೇ ಅಕ್ಷರವನ್ನು ಬಗೆಬಗೆಯಾಗಿ ಬರೆಯುವುದು. ಇವಳು ಆರಿಸಿಕೊಂಡದ್ದು 'ಅ'. ಗೋಡೆಯಲ್ಲಿ ಅ, ಫ್ರಿಜ್ಜಿನ ಬಾಗಿಲಲ್ಲಿ ಅ, ಅತ್ತೆಯ ಮಂಚದ ತಲೆದೆಸೆಯಲ್ಲಿ ಅ. ಊಟದ ಮೇಜನ್ನು ಕಾಗದಗಳು ಆಕ್ರಮಿಸಿದ್ದರಿಂದ ನಾವು ಅತ್ತೆ ಸೊಸೆ ಅಡುಗೆಮನೆಯ ನೆಲಕ್ಕೆ ಇಳಿದೆವು.

"ಅತ್ತಿಗೆ, ಇದರಲ್ಲಿ ಯಾವುದು ಸರಿ?"

"ಎಲ್ಲವೂ ಅ ಅಲ್ವಾ ಮಾರಾಯ್ತಿ?"

"ನೀವು ಕನ್ನಡ ಟೀಚರ್ ಬೇರೆ!" ಎಂದು ನನ್ನನ್ನು ಕನಿಕರದಿಂದ ನೋಡಿದಳು. ಇಷ್ಟು ವರ್ಷ ಮಕ್ಕಳಿಗೆ ನಾನು ಕಲಿಸಿದ್ದು ಎಂತದು ಹಾಗಾದರೆ!

ಒಮ್ಮೆ ಸೂರ್ಯಾಸ್ತ ನೋಡೋಣವೆಂದು ಕಾಪು ಬೀಚಿಗೆ ಕರೆದುಕೊಂಡು ಹೋದೆ. ಇವಳು ಸಮುದ್ರಕ್ಕೆ ಬೆನ್ನು ಹಾಕಿ ಚರುಮುರಿ ಗಾಡಿಯ ಬೋರ್ಡು ನೋಡುತ್ತ ನಿಂತಳು. "ನೋಡಿ ಅತ್ತಿಗೆ, 'ಚ'ಕ್ಕೂ 'ರು'ವಿಗೂ ನಡುವೆ ಎಷ್ಟು ದೊಡ್ಡ ಸಂದು! ಕ್ಲಿಪ್ ಹಾಕಿಸಬೇಕಾದ ಕೇಸು ಇದು." ಗಾಡಿಯವನು ತಾಳ್ಮೆಯಿಂದ ಕಾದು ಕಾದು, "ಅಕ್ಕ, ನಿಮಗೆ ಚರುಮುರಿ ಬೇಕಾ, ಬೋರ್ಡ್ ಬೇಕಾ?" ಎಂದು ಕೇಳಿದ. ನಾವು ತಿರುಗುವಷ್ಟರಲ್ಲಿ ಸೂರ್ಯ ಮುಳುಗಿಯಾಗಿತ್ತು.

ಕುಕ್ಕುಂದೂರಿನಲ್ಲಿರುವ ಅವಳ ದೊಡ್ಡಪ್ಪ ಮಗಳ ಮದುವೆಯ ಕಾಗದ ಮಾಡಿಕೊಡಲು ಇವಳಿಗೇ ಹೇಳಿದ್ದು ಅವರ ಗ್ರಹಚಾರ. ಅಚ್ಚಾಗಿ ಬಂದ ಕಾಗದ ಬೆಳ್ಳಗೆ, ಖಾಲಿಯಾಗಿತ್ತು. ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂತೆ ನಾಲ್ಕು ಗೆರೆ ಅಕ್ಷರ. ದೊಡ್ಡಪ್ಪ ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಪ್ರೆಸ್ಸಿನವರಲ್ಲಿ ಶಾಯಿ ಮುಗಿದಿತ್ತಾ ಮಗಾ?"

"ಅದು ಖಾಲಿ ಜಾಗ ಅಲ್ಲ ದೊಡ್ಡಪ್ಪ. ಅಕ್ಷರಗಳಿಗೆ ಉಸಿರಾಡಲು ಜಾಗ."

"ಸರಿ. ಮಧ್ಯಾಹ್ನದ ಊಟದ ವಿಷಯ ಎಲ್ಲಿ ಉಸಿರಾಡ್ತಾ ಉಂಟು?"

ಅದನ್ನು ಹಾಕಲು ಮರೆತಿದ್ದಳು! ನೆಂಟರಿಗೆಲ್ಲ ಫೋನ್ ಮಾಡಿ "ಹೌದು, ಊಟ ಉಂಟು" ಎಂದು ಹೇಳುತ್ತ ಗಂಟಲು ಹರಿದುಕೊಂಡದ್ದು ಯಾರು? ಬೇರೆ ಯಾರು!

ಹೀಗೇ ಎರಡು ವರ್ಷ ಸವೆಯುತ್ತ ಬಂತು. ಕೊನೆಯ ಪ್ರಾಜೆಕ್ಟಿಗೆ ಅವಳು ಒಂದು ಚಿತ್ರಪುಸ್ತಕ ಮಾಡಿದಳು, ಮೊದಲ ಸಲ ಹಲ್ಲಿನ ಡಾಕ್ಟರ ಬಳಿ ಹೋಗುವ ಮಕ್ಕಳಿಗಾಗಿ. ಅದನ್ನು ಕಾಲೇಜಿನಲ್ಲಿ ತೋರಿಸುವ ದಿನ ಮಧ್ಯಾಹ್ನ ನನ್ನ ಶಾಲೆಗೇ ಫೋನು ಬಂತು. "ಅತ್ತಿಗೆ, ಒಮ್ಮೆ ಬರ್ತೀರಾ?" ಅಷ್ಟೇ. ಅರ್ಧ ದಿನ ರಜೆ ಹಾಕಿ, ಉಡುಪಿಯಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಗೊಣಗುತ್ತ ಮಣಿಪಾಲಕ್ಕೆ ಹೋದೆ.

ಕಾಲೇಜಿನ ಮೆಟ್ಟಿಲಲ್ಲಿ ಕುಳಿತಿದ್ದಳು. ಅವಳಿಗಿಂತ ಎಷ್ಟೋ ಚಿಕ್ಕ ಹುಡುಗ ಹುಡುಗಿಯರು ನಗುತ್ತ ಇಳಿದು ಹೋಗುತ್ತಿದ್ದರು.

"ಪುನಃ ಮಾಡಿ ಅಂದರು. ಇಡೀ ಪುಸ್ತಕದಲ್ಲಿ ಡಾಕ್ಟರ ಕೈ ಮಾತ್ರ ಉಂಟು, ಮುಖ ಎಲ್ಲಿ ಅಂತ ಕೇಳಿದರು."

"ಒಂದು ಮುಖ ಬರೆಯಲಿಕ್ಕೆ ಎಂತ ಕಷ್ಟ?"

"ಎಂತ ಮುಖ ಬರೆಯುವುದು ಅತ್ತಿಗೆ? ಆ ಕ್ಲಿನಿಕ್ಕಿನಲ್ಲಿ ಅಷ್ಟು ವರ್ಷ ಇದ್ದೆ. ನನ್ನನ್ನು ನೋಡಿ ಒಬ್ಬರೂ ಸಂತೋಷಪಟ್ಟದ್ದಿಲ್ಲ. ಮಕ್ಕಳಂತೂ ಬಾಗಿಲಲ್ಲೇ ಅಳ್ತಿದ್ದರು."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬಂದದ್ದು ಹೇಳಿದೆ. "ನನ್ನನ್ನು ನೋಡಿ ಯಾರು ಸಂತೋಷಪಡ್ತಾರೆ ಮಾರಾಯ್ತಿ? ಒಂಬತ್ತನೇ ಕ್ಲಾಸಿಗೆ ಸಂಧಿ ಸಮಾಸ ಕಲಿಸುವವಳು ನಾನು!"

ಅವಳು ನಕ್ಕಳು. ಮೂಗು ಒರೆಸಿಕೊಂಡಳು. ಮತ್ತೆ ನನ್ನ ಕಡೆ ನೋಡದೆ ಹೇಳಿದಳು: "ನಾನು. ಈಗ ನೀವು ಗೇಟಿನಿಂದ ಒಳಗೆ ಬರುವಾಗ ನನಗೆ ಎಷ್ಟು ಸಂತೋಷ ಆಯ್ತು ಗೊತ್ತುಂಟಾ?"

ಮುಂದೆ ಅವಳು ಪುಸ್ತಕ ತಿದ್ದಿದಳು, ಡಾಕ್ಟರಮ್ಮನಿಗೆ ನಗುಮುಖ ಬರೆದಳು, ಪಾಸಾದಳು. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಹಿಂತಿರುಗುವಾಗ ಬಸ್ಸಿನಲ್ಲಿ ನಮಗಿಬ್ಬರಿಗೂ ಸೀಟು ಸಿಕ್ಕಿತು. ಬಸ್ಸು ಇಳಿಜಾರಿಗೆ ಬರುವಷ್ಟರಲ್ಲಿ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಬೋರ್ಡಿನಲ್ಲಿ ಬರೆದು ಬರೆದು ನೋಯುವ ಹೆಗಲು ಅದು. ಕಂಡಕ್ಟರ್ ಬಂದು "ಎಲ್ಲಿಗೆ?" ಎಂದು ಗಟ್ಟಿಯಾಗಿ ಕೇಳಿದ. ನಾನು ತುಟಿಯ ಮೇಲೆ ಬೆರಳಿಟ್ಟು, ಪಿಸುಮಾತಿನಲ್ಲಿ "ಉಡುಪಿಗೆ ಎರಡು" ಎಂದೆ.